ಮಳೆ ಹೇಳುವ ಗಡಿಯಾರ

ದೊಡ್ಡೇರಿಯ ಪರ್ವತಯ್ಯ ಮೇಷ್ಟ್ರ ಮಾನ ಹೋದದ್ದು ಒಂದು ತೂತಿನಿಂದ. ತೂತು ಇದ್ದದ್ದು ವಿಮಾನದಲ್ಲಿ.

ಆ ವಿಮಾನ ಮಿಲಿಟರಿಯದು. ಹಿಂದಿನ ಮಹಾಯುದ್ಧದಲ್ಲೇ ಹಾರಾಡಿದ್ದ ಮುದಿ ಯಂತ್ರ. ಮರದ ಮೂಳೆ, ಬಟ್ಟೆಯ ರೆಕ್ಕೆ. ಈ ಯುದ್ಧದಲ್ಲಿ ಹೊಸಬರಿಗೆ ಹಾರಾಟ ಕಲಿಸಲು ಇಟ್ಟುಕೊಂಡಿದ್ದರು. ಆರು ತಿಂಗಳ ಹಿಂದೆ ಎಂಜಿನ್ ಕೆಮ್ಮಿ ಕೆಮ್ಮಿ ನಿಂತು, ಗೌಡ ಪಾಲಪ್ಪನ ಹುರುಳಿ ಹೊಲದಲ್ಲಿ ಮೂಗು ಊರಿ ಕೂತಿತ್ತು. ಅದರಿಂದ ಇಳಿದ ಬಿಳಿ ಸಾಹೇಬ ಕುಂಟುತ್ತಾ ಬೆಂಗಳೂರಿಗೆ ಹೋದ. ಊರಿನಲ್ಲಿ ಇಂಗ್ಲಿಷ್ ಬಲ್ಲವರು ಮೇಷ್ಟ್ರೊಬ್ಬರೇ ಎಂದು ಅಮಲ್ದಾರರು ಕಾವಲನ್ನು ಅವರ ತಲೆಗೆ ಕಟ್ಟಿದರು. ಎಲ್ಲ ಭಾಗಗಳೂ ನನ್ನ ವಶದಲ್ಲಿವೆ ಎಂಬ ಕಾಗದಕ್ಕೆ ಮೇಷ್ಟ್ರು ಬಲು ಹೆಮ್ಮೆಯಿಂದ ರುಜು ಹಾಕಿದ್ದರು.

ಈಗ ಎಂಟು ದಿನದಿಂದ ಮೆಕ್ಯಾನಿಕ್ ರೇಣುಕಯ್ಯ ಬಂದು ಆ ಮುದಿ ಯಂತ್ರಕ್ಕೆ ಜೀವ ತುಂಬುತ್ತಿದ್ದ. ಊರ ಬಡಗಿಯಿಂದ ಮುರಿದ ಪಟ್ಟಿಗಳನ್ನು ಕೆತ್ತಿಸಿದ. ಹೆಂಗಸರನ್ನು ಕೂರಿಸಿ ರೆಕ್ಕೆಗೆ ಹೊಸ ಬಟ್ಟೆ ಹೊಲಿಸಿದ. ಅದರ ಮೇಲೆ ಬಳಿದ ವಾರ್ನಿಷ್ ವಾಸನೆಗೆ ಪಾಲಪ್ಪನ ಎಮ್ಮೆ ಎರಡು ದಿನ ಹಾಲು ಕೊಡಲಿಲ್ಲ. ಇವತ್ತು ಮಧ್ಯಾಹ್ನ ಸಾಹೇಬನೇ ಬಂದು ವಿಮಾನವನ್ನು ಹಾರಿಸಿಕೊಂಡು ಹೋಗುವುದೆಂದು ಗೊತ್ತಾಗಿತ್ತು.

ಬೆಳಿಗ್ಗೆ ಮೇಷ್ಟ್ರು ಹೊಲಕ್ಕೆ ಬಂದಾಗ ರೇಣುಕಯ್ಯ ಸಾಹೇಬ ಕೂರುವ ಗುಂಡಿಯಿಂದ ತಲೆ ಎತ್ತಿದ.

"ಮೇಷ್ಟ್ರೇ, ಕೂರೋ ಜಾಗಕ್ಕೆ ಇವತ್ತೇ ಕೈ ಹಾಕಿದ್ದು. ಮುಂದಿನ ಹಲಗೇಲಿ ಒಂದು ತೂತಿದೆ. ಎತ್ತರ ತೋರಿಸೋ ಮೀಟರ್ ಕಾಣ್ತಿಲ್ಲ. ಅದಿಲ್ದೆ ಸಾಹೇಬ್ರು ಹಾರಲ್ಲ."

"ಎತ್ತರ ತೋರ್ಸೋದಾ? ಗಡಿಯಾರ ಅಲ್ವಾ ಅದು?" ಮೇಷ್ಟ್ರ ಬಾಯಿ ಜಾರಿತು.

"ಯಾವ ಗಡಿಯಾರ?"

"ಏನಿಲ್ಲ, ಏನಿಲ್ಲ," ಎಂದವರೇ ಮೇಷ್ಟ್ರು ಸೈಕಲ್ ಹತ್ತಿದರು.

ಆದದ್ದಿಷ್ಟು. ಮೇಷ್ಟ್ರ ಮಗಳು ಜಗದಾಂಬಳನ್ನು ಬಡವನಹಳ್ಳಿಯ ಬಸವಲಿಂಗಯ್ಯನವರ ಮಗನಿಗೆ ಕೊಟ್ಟಿತ್ತು. ಮದುವೆಯಲ್ಲಿ ಒಂದು ಗಡಿಯಾರ ಕೊಡುತ್ತೇನೆಂದು ಮೇಷ್ಟ್ರು ಮಾತು ಕೊಟ್ಟಿದ್ದರು. ಯುದ್ಧದ ಕಾಲ; ತುಮಕೂರಿನವರೆಗೆ ಅಲೆದರೂ ಗಡಿಯಾರ ಸಿಗಲಿಲ್ಲ. ಮದುವೆಯ ಹಿಂದಿನ ದಿನ ಕಾವಲಿಗೆ ಕೂತಿದ್ದಾಗ ಹಲಗೆಯ ಮೇಲಿನ ಗಾಜು, ಮುಳ್ಳು, ಅಂಕಿ ಎಲ್ಲ ಅವರನ್ನೇ ನೋಡಿದವು. ಅಂಕಿ ಹನ್ನೆರಡರವರೆಗೆ ಇರಲಿಲ್ಲ, ನಿಜ. ಮಿಲಿಟರಿಯವರ ಲೆಕ್ಕ ಬೇರೆ ಇರಬಹುದೆಂದು ಮೇಷ್ಟ್ರು ತಮಗೆ ತಾವೇ ಸಮಾಧಾನ ಹೇಳಿಕೊಂಡು ಸ್ಕ್ರೂ ಬಿಚ್ಚಿದ್ದರು.

ಬಡವನಹಳ್ಳಿಯಲ್ಲಿ ಬೀಗರ ಜಗಲಿಯ ತುಂಬ ಜನ.

"ಬನ್ನಿ ಬೀಗರೇ! ಇವ್ರೆಲ್ಲ ನಿಮ್ ಗಡಿಯಾರ ನೋಡೋಕೇ ಬಂದವ್ರೆ," ಎಂದು ಬಸವಲಿಂಗಯ್ಯನವರು ಎದ್ದು ಬಂದರು. "ಮೊದ್ಲು ನಾವೂ ಬೈಕೊಂಡ್ವಿ, ಹೊತ್ತು ತೋರ್ಸಲ್ವಲ್ಲ ಅಂತ. ಆಮ್ಯಾಕೆ ಗೊತ್ತಾಯ್ತು. ಮುಳ್ಳು ಮೇಲಕ್ಕೆ ಹತ್ತಿದ್ರೆ ಎರಡು ದಿನದಾಗೆ ಮಳೆ! ಒಂದು ಸಲಾನೂ ಸುಳ್ಳಾಗಿಲ್ಲ. ಈಗ ಸುತ್ತಮುತ್ಲೋರೆಲ್ಲ ಇದನ್ನ ಕೇಳೇ ಬಿತ್ತೋದು."

ಗಾಳಿಯ ಭಾರ ಕಡಿಮೆಯಾದರೆ ಆ ಮುಳ್ಳು ಏರುತ್ತದೆ. ವಿಮಾನ ಮೇಲೆ ಹೋದರೂ ಅಷ್ಟೇ, ಊರ ಮೇಲೆ ಮಳೆ ಕವಿದರೂ ಅಷ್ಟೇ. ಪಾಪ, ಅದಕ್ಕೇನು ಗೊತ್ತು, ತಾನು ಈಗ ದೇವರ ಮನೆಯಲ್ಲಿ ವಿಭೂತಿ ಬಳಿಸಿಕೊಂಡು ಕೂತಿದ್ದೇನೆಂದು.

"ಒಂದ್ಸಲ ಕೊಡಿ ಬೀಗರೇ, ರಿಪೇರಿ ಮಾಡಿಸ್ಕೊಂಡು ಬತ್ತೀನಿ," ಎಂದರು ಮೇಷ್ಟ್ರು.

"ಸರಿಯಾಗಿರೋದನ್ನ ಯಾಕೆ ರಿಪೇರಿ?"

"ಎಣ್ಣೆ ಬುಡ್ಬೇಕು."

"ನಮ್ಮೋಳು ವಾರಕ್ಕೊಂದ್ಸಲ ತುಪ್ಪ ಸವರ್ತಾಳೆ ಬುಡಿ."

ಹೊತ್ತು ಏರುತ್ತಿತ್ತು. ಸಾಹೇಬ ಬಂದು ತೂತು ನೋಡಿದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಮೇಷ್ಟ್ರಿಗೆ ಇನ್ನೊಂದು ಸುಳ್ಳು ಹೊಳೆಯಲಿಲ್ಲ.

"ಅದು ನಂದಲ್ಲ ಬೀಗರೇ. ಇಮಾನದ್ದು. ನಾನು... ಕದ್ದಿದ್ದು."

ಅಪ್ಪನಿಗೆಂದು ನೀರಿನ ಚೊಂಬು ಹಿಡಿದು ಬಂದ ಜಗದಾಂಬ ಹೊಸ್ತಿಲಲ್ಲೇ ನಿಂತಳು. ತಲೆ ಎತ್ತಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸತ್ಯವಂತರ ಕತೆ ಹೇಳಿದ್ದ ಮೇಷ್ಟ್ರಿಗೆ ತಮ್ಮ ಮೈಮೇಲಿನ ಕೋಟೂ ಯಾರದೋ ಅನ್ನಿಸಿತು. ಬೀಗಿತ್ತಿ ದಾಕ್ಷಾಯಣಮ್ಮ ಒಂದೂ ಮಾತಾಡದೆ ಗಡಿಯಾರದ ವಿಭೂತಿ ಒರೆಸಿ, ಮಡಿ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಬೆವರು ಸುರಿಸುತ್ತಾ ದೊಡ್ಡೇರಿಗೆ ಬಂದರೆ ಸಾಹೇಬ ಆಗಲೇ ಬಂದಿದ್ದ. ಊರೆಲ್ಲ ಹೊಲದಲ್ಲಿತ್ತು. ಹಲಗೆಯ ತೂತಿನಲ್ಲಿ ಹೊಚ್ಚ ಹೊಸ ಮೀಟರು ಹೊಳೆಯುತ್ತಿತ್ತು.

"ಸಾಹೇಬ್ರು ಬೆಂಗಳೂರಿಂದಲೇ ತಂದ್ರು," ಎಂದ ರೇಣುಕಯ್ಯ. "ಹಳೇದು ಸಾವಿರ ಅಡಿ ತಪ್ಪು ತೋರಿಸ್ತಿತ್ತಂತೆ. ಬಿಸಾಡೋ ಪಟ್ಟೀಲಿ ಆಗಲೇ ಬರೆದುಬಿಟ್ಟಿದ್ದಾರೆ. ನೀವು ಅಷ್ಟು ಅವಸರವಾಗಿ ಎಲ್ಲಿಗೆ ಹೋದ್ರಿ?"

ಮೇಷ್ಟ್ರ ಕೈಯಲ್ಲಿದ್ದ ಗಂಟನ್ನು ಸಾಹೇಬ ಬಿಚ್ಚಿ ನೋಡಿದ. ಕೆಟ್ಟು ಹೋದದ್ದನ್ನೂ ಮಡಿ ಬಟ್ಟೆಯಲ್ಲಿ ಸುತ್ತಿ ಕಾಪಾಡಿದ್ದೀರಲ್ಲ, ನಿಮ್ಮಂಥ ಪ್ರಾಮಾಣಿಕರನ್ನು ನಾನು ನೋಡಿಲ್ಲ ಎಂದು ಇಂಗ್ಲಿಷಿನಲ್ಲಿ ಹೊಗಳಿ, ಊರೆದುರಿಗೇ ಬೆನ್ನು ತಟ್ಟಿದ. ಮೇಷ್ಟ್ರು ಅದನ್ನು ಕನ್ನಡದಲ್ಲಿ ಹೇಳಲೇಬೇಕಾಯಿತು. ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. "ನಮ್ ಮೇಷ್ಟ್ರು ಅಂದ್ರೆ ಸುಮ್ಕೆನಾ!" ಎಂದ ಪಾಲಪ್ಪ.

ಅಷ್ಟರಲ್ಲಿ ಬಡವನಹಳ್ಳಿಯ ಕಡೆಯಿಂದ ಎರಡು ಗಾಡಿ ಬಂದವು. ಮುಂದಿನದರಿಂದ ಬಸವಲಿಂಗಯ್ಯನವರು ಧುಮುಕಿ, ಓಡಿ ಬಂದು ಸಾಹೇಬನ ಮುಂದೆ ಕೈ ಮುಗಿದರು.

"ಸಾಮೀ! ನಮ್ ಬೀಗರು ಕದ್ದಿದ್ದು ನಿಜ. ಮದುವೇಲಿ ನಮಗೆ ಕೊಡೋಕೆ ಅಂತ ಕದ್ದವ್ರೆ. ಆದ್ರೂ ಒಳ್ಳೆ ಮನುಷ್ಯ ಕಣ್ ಸಾಮಿ. ಜೈಲಿಗೆ ಹಾಕ್ಬ್ಯಾಡಿ!"

ಹಿಂದೆ ನಿಂತ ಬಡವನಹಳ್ಳಿಯವರೆಲ್ಲ "ಹಾಕ್ಬ್ಯಾಡಿ ಸಾಮಿ" ಎಂದು ದನಿಗೂಡಿಸಿದರು. ರೇಣುಕಯ್ಯ ಎಂಜಿನ್ನಿನೊಳಗೆ ತಲೆ ತೂರಿಸಿಬಿಟ್ಟ. ಅವನ ಬೆನ್ನು ಕುಲುಕುತ್ತಿತ್ತು. ದೊಡ್ಡೇರಿಯ ಜನ ಮೇಷ್ಟ್ರ ಕಡೆ ತಿರುಗಿದರು. ಏನೂ ತಿಳಿಯದ ಸಾಹೇಬನೂ ತಿರುಗಿದ. ಈ ಹಿರಿಯರು ಏನು ಹೇಳುತ್ತಿದ್ದಾರೆ, ಮೇಷ್ಟ್ರೇ, ಎಂದು ಕೇಳಿದ.

ಇವರಿಗೆ ಆ ಕೆಟ್ಟ ಮೀಟರಿನ ಮೇಲೆ ಆಸೆ, ನೆನಪಿಗೆ ಕೇಳುತ್ತಿದ್ದಾರೆ ಎಂದು ಮೇಷ್ಟ್ರು ಇಂಗ್ಲಿಷಿನಲ್ಲಿ ತೊದಲಿದರು. ಸಾಹೇಬ ನಕ್ಕು ಅದನ್ನು ಬಸವಲಿಂಗಯ್ಯನವರ ಕೈಗಿಟ್ಟು, ವಿಮಾನ ಹತ್ತಿದ.

ಎಂಜಿನ್ ಗುಡುಗಿತು. ಮುದಿ ವಿಮಾನ ಹೊಲದ ತುಂಬ ಧೂಳೆಬ್ಬಿಸಿ, ಎರಡು ಸಲ ಕುಪ್ಪಳಿಸಿ, ಬೇಲಿಯ ಮೇಲೆ ಹಾರಿ ಹೋಯಿತು. ಎಂಟು ದಿನ ಅದಕ್ಕಾಗಿ ದುಡಿದ ಊರಿನಲ್ಲಿ ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ಎಲ್ಲರೂ ಮೇಷ್ಟ್ರನ್ನೇ ನೋಡುತ್ತಿದ್ದರು. ಅವರನ್ನು ಪ್ರಾಮಾಣಿಕರೆಂದು ನಂಬಿದ್ದ ಒಬ್ಬನೇ ಒಬ್ಬ ಮನುಷ್ಯ ಬೆಂಗಳೂರಿನ ಕಡೆ ಹಾರಿ ಹೋಗುತ್ತಿದ್ದ.

ಬಸವಲಿಂಗಯ್ಯನವರು ಹತ್ತಿರ ಬಂದು ಪ್ರೀತಿಯಿಂದ ಅವರ ಭುಜ ಹಿಡಿದರು.

"ಕ್ಷಮಿಸ್ಬುಟ್ರು ಕಣ್ರೀ ಸಾಹೇಬ್ರು! ದೊಡ್ಡ ಮನುಷ್ಯ. ಮೇಲಾಗಿ ಇದನ್ನ ಅವರ ಕೈಯಾರೆ ನಂಗೇ ಕೊಟ್ರು." ಅವರು ಕಂಕುಳಿನ ಗಂಟನ್ನು ಭದ್ರ ಮಾಡಿಕೊಂಡು, ಸ್ವಲ್ಪ ಸಂಕೋಚದಿಂದಲೇ ಮಾತು ಮುಗಿಸಿದರು. "ಅಂದ್ಮೇಲೆ ಬೀಗರೇ, ನಿಮ್ ಗಡಿಯಾರ ಯಾವಾಗ ಬರ್ತದೆ?"