ಹೊತ್ತಿನ ಮನುಷ್ಯ

ನಾಗೇಂದ್ರಪ್ಪನ ಈ ಎಲ್ಲ ಫಜೀತಿಗೂ ಮೂಲ ಒಂದು ಭಾಷಣ. ಹರಪನಹಳ್ಳಿಯ ವರ್ತಕರು ಸೇರಿ ದಾವಣಗೆರೆಯಿಂದ ಒಬ್ಬ ವ್ಯಕ್ತಿತ್ವ ವಿಕಸನದ ಮೇಷ್ಟ್ರನ್ನು ಕರೆಸಿದ್ದರು. ಉಪ್ಪಿಟ್ಟು ಉಂಟು ಎಂದು ಕೇಳಿ ನಾಗೇಂದ್ರಪ್ಪನೂ ಹೋದ. ಅವನು ಹೋಗುವಷ್ಟರಲ್ಲಿ ಉಪ್ಪಿಟ್ಟು ಮುಗಿದಿತ್ತು, ಭಾಷಣ ಮಾತ್ರ ಉಳಿದಿತ್ತು. ಹೋದ ತಪ್ಪಿಗೆ ಕುಳಿತು ಕೇಳಿದ.

"ತಡ ಮಾಡಬಾರದು, ತಡ ಮಾಡಬಾರದು ಅಂತ ದಿನಾ ಹೇಳಿಕೊಂಡರೆ ನಿಮ್ಮ ಮನಸ್ಸಿಗೆ ಕೇಳಿಸುವುದು ತಡ ಅನ್ನೋ ಒಂದೇ ಮಾತು. ಬಿಡಬೇಕಾದ್ದರ ಹೆಸರು ಎತ್ತಬೇಡಿ, ಆಗಬೇಕಾದ್ದರ ಹೆಸರು ಇಟ್ಟುಕೊಳ್ಳಿ. ನಾನು ಇಂಥವನು ಅನ್ನಿ. ಮೊದಲು ಹೆಸರು, ಅದರ ಹಿಂದೆ ಮನುಷ್ಯ ತಾನಾಗೇ ಬರುತ್ತಾನೆ" ಎಂದರು ಮೇಷ್ಟ್ರು.

ನೂರು ಜನರ ನಡುವೆ ಅವರು ತನ್ನನ್ನೇ ನೋಡಿ ಹೇಳಿದಂತೆ ನಾಗೇಂದ್ರಪ್ಪನಿಗೆ ಅನ್ನಿಸಿತು. ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ರೇಡಿಯೋ-ಟಿವಿ ರಿಪೇರಿ ಅಂಗಡಿ. ಕೈಗುಣ ಚೆನ್ನಾಗಿತ್ತು, ಬಾಯಿಗುಣ ಕೆಟ್ಟಿತ್ತು. ಯಾರು ಬಂದು ಕೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು, "ನಾಳಿ ಬರ್ರಿ." ಆ ನಾಳೆಯನ್ನು ಕಣ್ಣಾರೆ ಕಂಡ ಗಿರಾಕಿಗಳು ತಾಲೂಕಿನಲ್ಲಿ ಕಡಿಮೆ. ಇದು ಅಂಗಡಿಯ ಮಟ್ಟಿಗೆ ನಡೆದೀತು. ಆದರೆ ಕೂಡ್ಲಿಗಿಯಲ್ಲಿ ಹೆಣ್ಣು ನೋಡಲು ಹೋದಾಗ ಅವನು ಮುಟ್ಟುವ ಹೊತ್ತಿಗೆ ಅವರು ತಾಟು ತೊಳೆದು ಬೋರಲು ಹಾಕಿದ್ದರು. ಹಡಗಲಿಯಲ್ಲಂತೂ ಇವನು ನೋಡಬೇಕಿದ್ದ ಹುಡುಗಿಯನ್ನೇ ಹೊತ್ತಿಗೆ ಸರಿಯಾಗಿ ಬಂದ ಇನ್ನೊಬ್ಬ ಒಪ್ಪಿಕೊಂಡು, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಇವನಿಗೇ ನಮಸ್ಕಾರ ಹೇಳಿ ಹೋಗಿದ್ದ. ವಯಸ್ಸು ಮೂವತ್ತೆರಡು ದಾಟಿತ್ತು. ಕೊಟ್ಟೂರಿನಲ್ಲಿದ್ದ ತಾಯಿ ಕಲ್ಯಾಣಮ್ಮ, "ತೆಲಿಗಿಯ ಹೆಣ್ಣು ಒಂದು ನೋಡಿಬಿಡ್ತೀನಿ. ಇದೂ ತಪ್ಪಿದ್ರ ನನ್ನ ಕೈಲಾಗೋದಿಲ್ಲ ಮಾರಾಯ, ನೀನು ಆ ಟಿವಿಗೇ ತಾಳಿ ಕಟ್ಟು" ಎಂದುಬಿಟ್ಟಿದ್ದಳು.

ಹುಡುಗಿಯ ಫೋಟೋ ಬಂದಿತ್ತು, ಇವನದು ನಾಳೆ ನಾಳೆ ಎಂದು ಇನ್ನೂ ಹೋಗಿರಲಿಲ್ಲ. ಹೆಸರು ಸುಕನ್ಯಾ. ನಾಗೇಂದ್ರಪ್ಪ ಆ ಫೋಟೋವನ್ನು ಅಂಗಡಿಯ ಡ್ರಾದಲ್ಲಿಟ್ಟು ದಿನಕ್ಕೆ ಎಷ್ಟು ಸಲ ಡ್ರಾ ಎಳೆಯುತ್ತಿದ್ದನೆಂದರೆ, ಅದರ ಹಿಡಿಕೆಯೇ ಕಿತ್ತು ಬಂದಿತ್ತು.

ಭಾಷಣದ ಮರುದಿನದಿಂದ ಅವನು ಕನ್ನಡಿಯ ಮುಂದೆ ನಿಂತು, "ನಾನು ಹೊತ್ತಿನ ಮನುಷ್ಯ" ಎಂದು ಹೇಳಿಕೊಳ್ಳತೊಡಗಿದ. ಪಕ್ಕದ ಎಸ್‌ಟಿಡಿ ಬೂತಿನ ಓಬಳೇಶ ಇದನ್ನು ಕೇಳಿಸಿಕೊಂಡು, "ಹುಟ್ಟುಗುಣ ಸುಟ್ಟರೂ ಹೋಗೋದಿಲ್ಲಂತ ಅಣ್ಣ, ನೀನು ಬರೇ ಕನ್ನಡಿಗಿ ಹೇಳಿದ್ರ ಹೊಕ್ಕೈತೇನು?" ಎಂದು ನಕ್ಕ. ನಾಗೇಂದ್ರಪ್ಪ ಬೆನ್ನು ತಿರುಗಿಸಿ ಅಂಗಡಿಯ ಬಾಗಿಲು ತೆಗೆದ. ಹೊತ್ತಿನ ಮನುಷ್ಯ ಇಂಥವರ ಜೊತೆ ಹೊತ್ತು ಕಳೆಯಬಾರದು.

ಶನಿವಾರ ಅದೇ ಬೂತಿಗೆ ತಾಯಿಯ ಫೋನು ಬಂತು. "ನಾಳಿ ಐತವಾರ ಮುಂಜಾನಿ ಒಂಬತ್ತಕ್ಕ ನೆಟ್ಟಗ ತೆಲಿಗಿಗೆ ಬಾ. ನಾನೂ ನಿಮ್ಮ ಮಾವನೂ ಬಸ್ಸಿಳಿಯೋ ಕಡೆ ಇರ್ತೀವಿ. ಒಂಬತ್ತು ಅಂದ್ರ ಒಂಬತ್ತು."

"ಅವ್ವ, ನಾನು ಹೊತ್ತಿನ ಮನುಷ್ಯ" ಎಂದ ನಾಗೇಂದ್ರಪ್ಪ.

"ಹೌದಪ್ಪ, ಗೊತ್ತೈತಿ" ಎಂದು ತಾಯಿ ಫೋನಿಟ್ಟಳು.

ಐತವಾರ ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷವಿರುವಾಗ ನಾಗೇಂದ್ರಪ್ಪ ತೆಲಿಗಿಯಲ್ಲಿ ಬಸ್ಸಿಳಿದ. ಹುಟ್ಟಿದಾಗಿನಿಂದ ಇಂಥದ್ದು ನಡೆದಿರಲಿಲ್ಲ. ಅವನು ತಾಯಿಯ ಹೊಟ್ಟೆಯಿಂದ ಬಂದದ್ದೂ ಡಾಕ್ಟರು ಹೇಳಿದ್ದಕ್ಕಿಂತ ಹದಿನೈದು ದಿನ ತಡವಾಗಿ. ಎದೆ ಉಬ್ಬಿಸಿಕೊಂಡು ಸುತ್ತ ನೋಡಿದ. ತಾಯಿ ಇಲ್ಲ, ಮಾವ ಇಲ್ಲ. ಒಂದು ಎಮ್ಮೆ ಇತ್ತು, ಒಂದು ಚಹಾದಂಗಡಿ ಇತ್ತು. ಅಂಗಡಿಯಿಂದ ಮಧ್ಯವಯಸ್ಸಿನ ಒಬ್ಬ ಮನುಷ್ಯ ಹೊರಗೆ ಬಂದು, ಇವನ ಹೆಗಲಿನ ಚೀಲ ನೋಡಿ, ಮುಖ ನೋಡಿ, ಓಡಿ ಬಂದು ಕೈ ಹಿಡಿದ.

"ನೀವು ಟಿವಿ ಮೇಸ್ತ್ರಿ ಅಲ್ಲೇನ್ರಿ? ನಾನು ಯರ್ರೆಪ್ಪ. ಹೋದ ಅಮಾಸಿಗೆ ನಿಮ್ಮ ಅಂಗಡಿಗೆ ಬಂದು, ನಮ್ಮೂರಾಗ ಒಂದು ಆಂಟೆನಾ ಕೆಟ್ಟೈತಿ ಬರ್ರಿ ಅಂದಿದ್ದೆ. ನಾಳಿ ಬರ್ತೀನಿ ಅಂದಿದ್ರಿ. ಅವತ್ತಿಂದ ಆ ಮನಿಯವರು ನನ್ನ ಬೈದು ಬೈದು ಬಾಯಿ ಒಣಗಿಸಿಕೊಂಡಾರ. ನಡೀರಿ."

"ನಾನು ಅದಕ್ಕ ಬಂದಿಲ್ರಿ ಯಜಮಾನ್ರ" ಎಂದ ನಾಗೇಂದ್ರಪ್ಪ.

"ಮತ್ಯಾಕ ಬಂದೀರಿ?"

ಹಿರಿಯರಿಲ್ಲದೆ ವರ ಒಬ್ಬನೇ ಹೆಣ್ಣಿನ ಊರಿಗೆ ಬಂದು ನಿಂತ ಎಂದರೆ ಆ ಸುದ್ದಿ ಅವನಿಗಿಂತ ಮೊದಲು ಕೊಟ್ಟೂರು ಮುಟ್ಟುತ್ತದೆ. "ಆಸೆಬುರುಕ ಮದುಮಗ" ಎಂದು ಹೆಸರಿಡುತ್ತಾರೆ. ಅದಕ್ಕಿಂತ ಟಿವಿ ಮೇಸ್ತ್ರಿಯಾಗುವುದೇ ಮರ್ಯಾದೆ. ಹೇಗೂ ಅವ್ವ, ಮಾವ ಬರುವ ತನಕ ಹೊತ್ತು ಹೋಗಬೇಕಲ್ಲ. ಚೀಲದಲ್ಲಿ ಹೊಸ ಅಂಗಿಯ ಪಕ್ಕದಲ್ಲೇ ಇಕ್ಕಳ, ಟೆಸ್ಟರ್ ಇದ್ದವು, ಅವಿಲ್ಲದೆ ಅವನು ಊಟಕ್ಕೂ ಹೋಗುವವನಲ್ಲ. ಯರ್ರೆಪ್ಪನ ಹಿಂದೆ ನಡೆದ.

ಮನೆ ಬಂತು. ಜಗುಲಿಯ ಮೇಲೆ ಬೇವಿನ ಕಡ್ಡಿ ಕಚ್ಚಿಕೊಂಡು ಕುಳಿತಿದ್ದ ಯಜಮಾನ ಕಡ್ಡಿ ತೆಗೆದು ಉಗುಳಿದ. "ಇವರೇನಪ ಆ ನಾಳಿ ಮೇಸ್ತ್ರಿ? ಬರ್ರಿ ಬರ್ರಿ. ವರ್ಲ್ಡ್ ಕಪ್ಪು ಅರ್ಧ ಮುಗೀತು, ನನಗ ಒಂದು ಬಾಲು ಕಾಣಲಿಲ್ಲ. ಊರು ಕೊಳ್ಳೆ ಹೊಡೆದ ಮ್ಯಾಲ ಕೋಟಿ ಬಾಗಿಲಾ ಹಾಕಾಕ ಬಂದೀರಿ."

"ಶಿವಯೋಗಪ್ಪಣ್ಣ, ಬಂದಾರಲ್ಲ, ಬಿಡು" ಎಂದ ಯರ್ರೆಪ್ಪ.

ಶಿವಯೋಗಪ್ಪ. ಹುಡುಗಿಯ ತಂದೆಯ ಹೆಸರು ಅದೇ. ಒಳಗಿನಿಂದ ತಲೆಗೆ ಎಣ್ಣೆ ಹಚ್ಚಿಕೊಂಡು, ಸೀರೆ ಎತ್ತಿ ಕಟ್ಟಿಕೊಂಡು, ಕೈಯಲ್ಲಿ ಸಗಣಿ ಬುಟ್ಟಿ ಹಿಡಿದು ಬಂದವಳು ಡ್ರಾದಲ್ಲಿದ್ದ ಫೋಟೋದ ಹುಡುಗಿಯೇ. ಫೋಟೋಗಿಂತ ಚೆಲುವೆ. ಈಗ ಯಾವ ಬಾಯಿಂದ, ನಿಮ್ಮ ವರ ನಾನೇ ಎನ್ನುವುದು?

"ಇವತ್ತು ನಮ್ಮ ಮಗಳನ್ನ ನೋಡಾಕ ಬರ್ತಾರ. ಪಡಸಾಲ್ಯಾಗ ಟಿವಿ ಓಡ್ತಿರಬೇಕು, ನಮ್ಮ ಮನಿ ಅಂತಸ್ತು ಅವರಿಗೆ ಕಾಣಬೇಕು" ಎಂದ ಶಿವಯೋಗಪ್ಪ. "ಗಡಿಬಿಡಿ ಏನಿಲ್ಲ. ಏನೋ ಅಂಗಡಿ ಇಟ್ಟಾನಂತ ಆ ವರ ಮಹಾಶಯ, ಆದ್ರ ನಿಮ್ಮಂಥವನೇ, ಹೊತ್ತಿಗಿ ಬರೋ ಪೈಕಿ ಅಲ್ಲಂತ. ಹತ್ತ್ರಿ ಮಾಳಿಗಿ."

ನಾಗೇಂದ್ರಪ್ಪ ಏಣಿ ಇಟ್ಟು ಮಣ್ಣಿನ ಮಾಳಿಗೆ ಹತ್ತಿದ. ಗಾಳಿಗೆ ಆಂಟೆನಾ ಬಗ್ಗಿ, ಒಳಗಿನ ವೈರು ತುಕ್ಕು ಹಿಡಿದು ಕೂತಿತ್ತು. ಬಿಚ್ಚಿದ, ಕೆರೆದ, ಕಟ್ಟಿದ, ತಿರುಗಿಸಿದ. ಮೇಲಿನ ಸುದ್ದಿ ಒಳಗೆ, ಒಳಗಿನ ಸುದ್ದಿ ಮೇಲೆ ಮುಟ್ಟಿಸಲು ಸುಕನ್ಯಾ ಅಂಗಳದಲ್ಲಿ ನಿಂತಳು.

"ಬಂತೇನ್ರಿ?" ಎನ್ನುತ್ತಿದ್ದ ಇವನು.

"ಎರಡೆರಡು ಮನುಷ್ಯಾರು ಕಾಣಾಕತ್ತಾರಂತ" ಎನ್ನುತ್ತಿದ್ದಳು ಅವಳು. "ಒಂದೊಂದ ಮಾಡ್ರಿ."

ಬಿಸಿಲು ಏರಿತು. ಮಾಳಿಗೆಯ ಮಣ್ಣು ಹಣೆಯ ಬೆವರಿಗೆ ಮೆತ್ತಿಕೊಂಡಿತು. ನಾಗೇಂದ್ರಪ್ಪ ಧೈರ್ಯ ಮಾಡಿ, ತಿರುಗಿಸುವ ನೆವದಲ್ಲಿ ಕೇಳಿದ, "ಬರೋ ವರ ತಡ ಮಾಡ್ತಾನಂತ ನಿಮಗ ಯಾರು ಹೇಳಿದ್ರಿ?"

"ಯಾರು ಹೇಳಿಲ್ಲ ಅನ್ರಿ. ಅದಕ ನಮ್ಮಪ್ಪ ಅವರಿಗೆ ಹನ್ನೆರಡಕ್ಕ ಬರ್ರಿ ಅಂದಾನ. ಖರೇ ಅಂದ್ರ ನಾವು ತಯಾರಾಗೋದು ಎರಡಕ್ಕ."

"ಮನುಷ್ಯ ಬದಲಾಗಿರಬಹುದಲ್ರಿ. ತಾನು ಹೊತ್ತಿನ ಮನುಷ್ಯ ಅಂತ ಅಂದುಕೊಂಡಿರಬಹುದು."

"ಅಂದುಕೊಂಡ್ರ ಆಗೋದಿದ್ರ ನೀವು ಅಮಾಸಿ ಮರುದಿನ ಬರ್ತಿದ್ರಿ" ಎಂದಳು ಸುಕನ್ಯಾ. ಆದರೆ ಸ್ವಲ್ಪ ಹೊತ್ತಿಗೆ ಒಂದು ತಂಬಿಗೆ ಮಜ್ಜಿಗೆ ಏಣಿ ಹತ್ತಿ ಬಂತು. "ಕುಡೀರಿ, ಮುಖ ಬಾಡೈತಿ" ಎಂದಳು. ಆ ಮಜ್ಜಿಗೆಯ ತಂಪು ಇಳಿಯುತ್ತಿದ್ದಂತೆ ನಾಗೇಂದ್ರಪ್ಪ ತೀರ್ಮಾನಿಸಿದ, ಮದುವೆಯಾದರೆ ಇವಳನ್ನೇ.

ಹನ್ನೆರಡರ ಹೊತ್ತಿಗೆ ಚಿತ್ರ ಬಂತು. ಅದೇ ಹೊತ್ತಿಗೆ ಅಂಗಳಕ್ಕೆ ಕಲ್ಯಾಣಮ್ಮನೂ ಮಾವ ನಾಗಪ್ಪನೂ ಬಂದರು.

"ವರ ಎಲ್ಲಿ?" ಎಂದ ಶಿವಯೋಗಪ್ಪ.

ಕಲ್ಯಾಣಮ್ಮ ಸೆರಗು ಹಿಂಡಿದಳು. "ಏನ್ ಹೇಳಲಿ ಬೀಗರ. ಹನ್ನೆರಡಕ್ಕರ ಬರಲಿ ಅಂತ ಅವನಿಗೆ ಒಂಬತ್ತು ಅಂದಿದ್ದೆ. ಇನ್ನೂ ಬಂದಿಲ್ಲ. ಇವತ್ತೂ ತಡ."

ಮಾಳಿಗೆಯ ಮೇಲೆ ನಾಗೇಂದ್ರಪ್ಪನಿಗೆ ಅಳಬೇಕೋ ಆಂಟೆನಾ ಕಿತ್ತು ಒಗೆಯಬೇಕೋ ತಿಳಿಯಲಿಲ್ಲ. ಒಂಬತ್ತು ಅಂದರೆ ಹನ್ನೆರಡಂತೆ, ಹನ್ನೆರಡು ಅಂದರೆ ಎರಡಂತೆ. ಎಲ್ಲರೂ ಸೇರಿ ಒಬ್ಬ ಮನುಷ್ಯನ ಗಡಿಯಾರಕ್ಕೆ ತಮಗೆ ಬೇಕಾದಂತೆ ಕೀಲಿ ಕೊಟ್ಟರೆ ಅವನು ಹೇಗೆ ಸುಧಾರಿಸಬೇಕು? ಅಂಚಿಗೆ ಬಂದು ಬಗ್ಗಿದ.

"ಅವ್ವ, ನಾನು ಇಲ್ಲೇ ಅದೀನಿ. ಒಂಬತ್ತಕ್ಕ ಬಂದೀನಿ."

ಕಲ್ಯಾಣಮ್ಮ ತಲೆಯೆತ್ತಿದಳು. "ಅಯ್ಯ ನನ ಮಗನ, ಬೀಗರ ಮನಿ ಮಾಳಿಗಿ ಮ್ಯಾಲ ಏನು ಮಾಡಾಕತ್ತೀಯೋ?"

ಸುಕನ್ಯಾ ಅವನನ್ನು ನೋಡಿ, ತನ್ನ ಎಣ್ಣೆ ತಲೆ ನೆನೆದು, ಸಗಣಿ ಬುಟ್ಟಿ ಅಲ್ಲೇ ಬಿಟ್ಟು ಒಳಗೆ ಓಡಿದಳು. ಶಿವಯೋಗಪ್ಪ ಕೆಂಪಾದ. ಮಾವ ಹಲ್ಲಿ ಲೊಚಗುಟ್ಟಿದಂತೆ ಬಾಯಲ್ಲೇ ಲೊಚಗುಟ್ಟಿದ. ಕಡೆಗೆ ಸಾಕ್ಷಿ ಹೇಳಿದವನು ಯರ್ರೆಪ್ಪ. "ಖರೇ ಐತ್ರಿ, ಒಂಬತ್ತಕ್ಕಿನ್ನಾ ಐದು ನಿಮಿಷ ಇತ್ತು. ಬಸ್ಸಿಳಿಯೋದು ನಾನ ನೋಡೀನಿ."

ಕಲ್ಯಾಣಮ್ಮನ ಕಣ್ಣಲ್ಲಿ ನೀರು ಬಂತು. ಶಿವಯೋಗಪ್ಪ ಒಳಗೆ ಹೋಗಿ ಟಿವಿ ನೋಡಿ ಬಂದ. ಕನ್ನಡಿಯಂಥ ಚಿತ್ರ. ಒಳಗೆ ಹೆಂಗಸರು ಗುಸುಗುಸು ಮಾತಾಡಿದರು. ಸುಕನ್ಯಾ ಒಪ್ಪಿದಳು ಎಂಬ ಸುದ್ದಿ ಹೊರಗೆ ಬಂತು. "ಆತು. ತಡ ಯಾಕ, ಇವತ್ತ ಎಲಿಅಡಿಕಿ ಬದಲಾಯಿಸಿಬಿಡೋಣು. ಶಾಸ್ತ್ರ ಮಾಡಾಕ ನೀಲಗುಂದದಿಂದ ಅಯ್ಯನೋರು ಬರ್ತಾರ" ಎಂದ ಶಿವಯೋಗಪ್ಪ, ಮಾವನ ಕಿವಿಯಲ್ಲಿ ಏನೋ ಹೇಳಿದ. ಇಬ್ಬರೂ ನಾಗೇಂದ್ರಪ್ಪನ ಕಡೆ ನೋಡಿ ನಕ್ಕರು. "ನೀವು ಯರ್ರೆಪ್ಪನ ಮನ್ಯಾಗ ಜಳಕ ಮಾಡಿ, ಉಂಡು, ಮಕ್ಕೊಂಡು, ನಾಲ್ಕಕ್ಕ ಬರ್ರಿ."

ನಾಗೇಂದ್ರಪ್ಪ ಆ ನಗುವನ್ನು ನೋಡಿದ. ಗೊತ್ತಾಯಿತು.

ಚಹಾದಂಗಡಿಯ ಹಿಂದಿನ ಯರ್ರೆಪ್ಪನ ಮನೆಯಲ್ಲಿ ಜಳಕ ಮಾಡಿ, ಹೊಸ ಅಂಗಿ ತೊಟ್ಟು, ಕುಳಿತು ಲೆಕ್ಕ ಹಾಕಿದ. ಅವ್ವ ಮೂರು ತಾಸು ಮುಂಚಿನ ಹೊತ್ತು ಹೇಳಿದಳು, ಮಾವನಾಗುವವನು ಎರಡು ತಾಸು ಮುಂಚಿನದು. ಈ ನಾಲ್ಕು ಖರೇ ನಾಲ್ಕಲ್ಲ, ಆರು. ನಾಲ್ಕಕ್ಕೆ ಹೋದರೆ ಮತ್ತೆ ಸಗಣಿ ಬುಟ್ಟಿ, ಮತ್ತೆ ಎಣ್ಣೆ ತಲೆ, ಹುಡುಗಿ ಈ ಸಲ ನಾಚಿಕೆಗೆ ಬಾವಿಗೇ ಬಿದ್ದಾಳು. ಹೊತ್ತಿನ ಮನುಷ್ಯ ಎಂದರೆ ಹೇಳಿದ ಹೊತ್ತಿಗೆ ಹೋಗುವವನಲ್ಲ, ಖರೇ ಹೊತ್ತಿಗೆ ಹೋಗುವವನು. ಹೀಗೆಂದುಕೊಂಡು ಯರ್ರೆಪ್ಪನ ಕೆಟ್ಟ ಟೇಪ್‌ರೆಕಾರ್ಡರ್ ಬಿಚ್ಚಿಕೊಂಡು ಕುಳಿತ.

"ನಾಲ್ಕಾತ್ರಿ, ಏಳ್ರಿ" ಎಂದ ಯರ್ರೆಪ್ಪ.

"ನಿಮಗ ತಿಳಿಯೋದಿಲ್ಲ ಬಿಡ್ರಿ" ಎಂದ ನಾಗೇಂದ್ರಪ್ಪ.

ಯರ್ರೆಪ್ಪ ಹೋಗಿ ನೋಡಿ ಬಂದ. "ಅಯ್ಯನೋರು ಬಂದಾರ, ಎಲ್ಲಾರೂ ಕುಂತಾರ. ಕರಕೊಂಡು ಬಾ ಅಂದಾರ."

"ಅನ್ನತಾರ. ನನ್ನ ಕರಿಯೋದನ್ನೂ ಎರಡು ತಾಸು ಮೊದಲ ಕರೀತಾರ. ಇಷ್ಟು ವರ್ಷದಾಗ ನಮ್ಮ ಮಂದಿ ಗುಣ ನನಗ ಗೊತ್ತಿಲ್ಲೇನ್ರಿ?" ಎಂದು ನಾಗೇಂದ್ರಪ್ಪ ಟೇಪಿನ ಬೆಲ್ಟು ಏರಿಸಿದ.

ಮತ್ತೊಮ್ಮೆ ಕರೆ ಬಂತು. "ಬಂದೆ ಅನ್ರಿ" ಎಂದು ಹೇಳಿ ಕಳಿಸಿದ. ಆಮೇಲೆ ಕರೆ ಬರಲಿಲ್ಲ. ಈಗ ದಾರಿಗೆ ಬಂದರು ಎಂದುಕೊಂಡ. ಟೇಪ್‌ರೆಕಾರ್ಡರ್ ಹಾಡಿತು. ತಲೆ ಬಾಚಿಕೊಂಡು, ಕರವಸ್ತ್ರ ಮಡಚಿಕೊಂಡು, ಆರು ಹೊಡೆಯುವುದಕ್ಕೂ ಅವನು ಶಿವಯೋಗಪ್ಪನ ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು.

ಪಡಸಾಲೆಯಲ್ಲಿ ಟಿವಿ ಓಡುತ್ತಿತ್ತು. ಚಾಪೆ ಸುತ್ತಿ ಗೋಡೆಗೆ ಒರಗಿಸಿದ್ದರು. ಅಯ್ಯನವರಿಲ್ಲ. ಎಲೆ ಅಡಿಕೆಯ ತಟ್ಟೆಯ ಮುಂದೆ ಕಲ್ಯಾಣಮ್ಮ ಒಬ್ಬಳೇ ಕುಳಿತಿದ್ದಳು.

"ನಾಲ್ಕೂವರಿಗೆ ರಾಹುಕಾಲ ಹತ್ತಿತು. ಅಯ್ಯನೋರು ಎದ್ದು ಹೋದರು" ಎಂದ ಶಿವಯೋಗಪ್ಪ, ಟಿವಿಯಿಂದ ಕಣ್ಣು ತೆಗೆಯದೆ.

"ಖರೇ ಹೊತ್ತು ಆರಲ್ಲೇನ್ರಿ?" ಎಂದ ನಾಗೇಂದ್ರಪ್ಪ.

ಮಾವ ನಾಗಪ್ಪ ಹಣೆ ಬಡಿದುಕೊಂಡ. "ಲೇ, ಮುಂಜಾನಿ ಒಂಬತ್ತಕ್ಕ ಬಂದೀಯಲ್ಲ, ಹುಡುಗ ಸುಧಾರಿಸ್ಯಾನ, ಇನ್ನಮ್ಯಾಲ ಇವನಿಗೆ ಸುಳ್ಳು ಹೊತ್ತು ಹೇಳಬಾರದು ಅಂತ ಬೀಗರು ನನ್ನ ಕಿವ್ಯಾಗ ಅಂದ್ರು. ಹುಟ್ಟಿದಾಗಿಂದ ಒಮ್ಮೆ ನಿನಗ ಖರೇ ಹೊತ್ತು ಹೇಳಿದ್ವಿ."

ನಾಗೇಂದ್ರಪ್ಪನಿಗೆ ಆ ದಾವಣಗೆರೆ ಮೇಷ್ಟ್ರನ್ನು ಒಮ್ಮೆ ಮಾಳಿಗೆ ಹತ್ತಿಸಿ ಏಣಿ ತೆಗೆಯಬೇಕು ಅನ್ನಿಸಿತು. ಒಳಬಾಗಿಲಲ್ಲಿ ಹೊಸ ಸೀರೆಯ ಅಂಚು ಕಾಣುತ್ತಿತ್ತು. ಜಡೆಯ ಮಲ್ಲಿಗೆ ಆಗಲೇ ಬಾಡಿತ್ತು. ಎಲ್ಲ ನಾಚಿಕೆ ಬಿಟ್ಟು ಅವನು ಆ ಅಂಚಿಗೇ ಕೈ ಮುಗಿದ.

"ತಪ್ಪಾತ್ರಿ. ಲೆಕ್ಕ ತಪ್ಪಿತು. ನಾನು ಖರೇನ ಬದಲಾಗೀನಿ. ನಿಮಗ ನಾನು ಒಪ್ಪಿಗಿನೋ ಇಲ್ಲೋ, ಅಷ್ಟು ಹೇಳಿಬಿಡ್ರಿ."

ಶಿವಯೋಗಪ್ಪ ಟಿವಿಯ ಸದ್ದು ತಗ್ಗಿಸಿದ. ಆಮೇಲೆ ಒಳಗಿನಿಂದ ಸುಕನ್ಯಾಳ ಮೆಲುದನಿ ಬಂತು.

"ನಾಳಿ ಬರ್ರಿ."

ಕಲ್ಯಾಣಮ್ಮ, "ನಾಳಿ ಅಂದಳಲ್ಲ, ಇನ್ನೂ ಆಸೆ ಐತಿ, ಮುಂಜಾನೆದ್ದು ಬರೋಣು" ಎಂದು ಕಣ್ಣೊರೆಸಿಕೊಂಡಳು. ನಾಗೇಂದ್ರಪ್ಪ ಇಕ್ಕಳ, ಟೆಸ್ಟರಿದ್ದ ಚೀಲವನ್ನು ಹೆಗಲಿಗೇರಿಸಿದ. ಆ ಮಾತಿನ ಅರ್ಥ ಹರಪನಹಳ್ಳಿ ತಾಲೂಕಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.