ಟೀಚರ್ ಮನೆಯ ಐವತ್ತಮೂರು ಇಂಚು

ಟಿವಿ ರಿಪೇರಿಯವನ ಬಾಳಿನಲ್ಲಿ ತಮಾಷೆಗಳು ನಡೆಯುತ್ತಲೇ ಇರುತ್ತವೆ. ನಡೆಯದ ದಿನ ನನಗೇ ಅನುಮಾನ, ಇವತ್ತು ಅಂಗಡಿ ತೆರೆದಿದ್ದೇನೋ ಇಲ್ಲವೋ ಎಂದು. ಮುಂಬೈ ಲೋಕಲ್ ರೈಲಿನಲ್ಲಿ ಠಾಣೆಯಿಂದ ಬದಲಾಪುರದವರೆಗೆ ಯಾವ ಸ್ಟೇಷನ್ನಿನಲ್ಲಿ ಇಳಿದರೂ ಹೇಳಿಕೊಂಡು ನಗುವಂಥದ್ದು ಒಂದಾದರೂ ಸಿಗುತ್ತಿತ್ತು. ಆದರೆ ನಮ್ಮ ಡೊಂಬಿವಿಲಿಯ ಒಂದೇ ಒಂದು ಮನೆ ಉಳಿದೆಲ್ಲ ಊರುಗಳನ್ನು ಮೀರಿಸಿತ್ತು.

ಅದು ನಿವೃತ್ತ ಕನ್ನಡ ಟೀಚರಮ್ಮನೊಬ್ಬರ ಮನೆ. ಬಾಗಲಕೋಟೆ ಕಡೆಯವರು. ನಾನು ಕುಂದಾಪುರದವ. ಅವರ ಮನೆಯೆಂದರೆ ಒಂದು ಹಾಲ್, ಒಂದು ಅಡಿಗೆಮನೆ. ನೆರೂಳದ ಹೋಟೆಲೊಂದು ಒಳಗೆಲ್ಲ ಹೊಸದು ಮಾಡುವಾಗ ಹಳೆಯ ರಿಯರ್ ಪ್ರೊಜೆಕ್ಷನ್ ಟಿವಿಯನ್ನು ಮಾರಿತು, ಟೀಚರ್ ಅದನ್ನು ಕೊಂಡರು. ಈಗಿನವರಿಗೆ ಆ ಟಿವಿ ಹೇಗಿತ್ತು ಎಂದು ಹೇಳಬೇಕು. ಬಟ್ಟೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ. ಅದರ ಹೊಟ್ಟೆಯಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಟ್ಯೂಬು, ಹಿಂದೆ ಒಂದು ಕನ್ನಡಿ. ಟ್ಯೂಬಿನ ಬೆಳಕು ಕನ್ನಡಿಗೆ ಬಡಿದು ಒಳಗಿನಿಂದ ಪರದೆಗೆ ಬೀಳುತ್ತದೆ. ಐವತ್ತಮೂರು ಇಂಚು. ನಾಲ್ಕು ಜನ ಹೊತ್ತು ತಂದು ಇಟ್ಟಾಗ ಅರ್ಧ ಹಾಲ್ ಅದರದೇ ಆಯಿತು.

ಟೀಚರ್‌ಗೆ ಅದು ಬೇಕಾಗಿದ್ದದ್ದು ಧಾರಾವಾಹಿಗಲ್ಲ. ಆ ಕಾಲೊನಿಯ ಹದಿನಾರು ಕನ್ನಡದ ಮಕ್ಕಳಿಗೆ ಅವರು ಪ್ರತಿ ಭಾನುವಾರ ಅಕ್ಷರ ಕಲಿಸುತ್ತಿದ್ದರು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುವ ಮಕ್ಕಳು. "ಕೊನೀ ಸಾಲಿನ ಕೂಸಿಗೂ ಅಕ್ಷರ ಕಾಣಬೇಕೋ ತಮ್ಮಾ. ಸಣ್ಣ ಡಬ್ಬಿಯೊಳಗ ನನ್ನ ಕಣ್ಣಿಗೇ ಕಾಣಂಗಿಲ್ಲ" ಎನ್ನುತ್ತಿದ್ದರು.

ಅವರ ಮಗನಿಗೆ ಟಿವಿ ಕಂಡರೆ ಆಗುತ್ತಿರಲಿಲ್ಲ. ಅವನದೂ ತಪ್ಪಲ್ಲ, ಅವನ ಮಂಚ ಹಾಕಬೇಕಾದ ಜಾಗದಲ್ಲಿ ಅದು ನಿಂತಿತ್ತು. ಮೊದಲ ವಾರವೇ ಜಗಳವಾಗಿ, ನನ್ನನ್ನು ಸಾಕ್ಷಿ ಇಟ್ಟುಕೊಂಡು ಒಂದು ಶರತ್ತು ಹಾಕಿಕೊಂಡರು. ಹೊಸದಾಗಿ ಬರುವ ಯಾವ ಯಂತ್ರವಾದರೂ ಸರಿ, ಈ ಟಿವಿಗೆ ಜೋಡಿಸಿ ಚಿತ್ರ ಬರಬೇಕು. ಬಾರದ ದಿನ ಟಿವಿ ಗುಜರಿಗೆ. ಟೀಚರ್ ಒಂದೇ ಮಾತಿಗೆ ಒಪ್ಪಿಬಿಟ್ಟರು. ಜೋಡಿಸಬೇಕಾದವನು ಮಾತ್ರ ನಾನು.

ಸಣ್ಣ ಕೆಂಪು, ದೊಡ್ಡ ಕೆಂಪು

ಮೊದಲು ಬಂದದ್ದು ಡಿವಿಡಿ ಪ್ಲೇಯರ್. ಚಿತ್ರ ಚೆನ್ನಾಗಿ ಬರಲಿ ಎಂದು ನಾನು ಐದು ವೈರುಗಳ ದಾರಿ ಹಿಡಿದೆ. ಚಿತ್ರಕ್ಕೆ ಹಸಿರು, ನೀಲಿ, ಕೆಂಪು. ಧ್ವನಿಗೆ ಬಿಳಿ ಮತ್ತು ಇನ್ನೊಂದು ಕೆಂಪು. ಗೋಡೆಗೂ ಟಿವಿಗೂ ನಡುವೆ ಒಂದು ಗೇಣು ಸಂದು. ಅಲ್ಲಿ ಕೈ ತೂರಿಸಿ, ಕೆನ್ನೆಯನ್ನು ಗೋಡೆಗೆ ಒತ್ತಿ, ಕಣ್ಣು ಕಾಣದೆ ಚುಚ್ಚಿದೆ. ಟಿವಿ ಹಾಕಿದರೆ ಪರದೆಯ ಮೇಲಿನ ಮನುಷ್ಯರೆಲ್ಲ ಹಸಿರು, ಸ್ಪೀಕರಿನಿಂದ ಗುರ್ರೆಂಬ ಸದ್ದು.

ಮಗ ಎದ್ದು ನಿಂತ. "ಚಲೋ, ಗುಜರಿಯವನಿಗೆ ಫೋನ್ ಮಾಡ್ತೇನೆ."

"ಸ್ವಲ್ಪ ತಡಿ ಮಾರಾಯ" ಎಂದೆ. ಟೆಸ್ಟರ್ ತೆಗೆದೆ, ಸ್ಕ್ರೂಡ್ರೈವರ್ ತೆಗೆದೆ, ದೊಡ್ಡ ದೊಡ್ಡ ಮಾತೂ ತೆಗೆದೆ.

ಟೀಚರ್ ನನ್ನ ಪಕ್ಕ ಬಂದು ಕೂತು ವೈರುಗಳನ್ನು ಬೆರಳಲ್ಲಿ ಎಣಿಸಿದರು. "ಎರಡು ಕೆಂಪು ಅದಾವಲ್ಲೋ. ಅವನ್ನ ಅದಲು ಬದಲು ಮಾಡೀಯೇನು ನೋಡು. ನಮ್ಮ ಸಾಲಿಯೊಳಗ ಒಂದ ವರ್ಗದಾಗ ಇಬ್ಬರು ಮಂಜುಳಾ ಇದ್ರು. ಒಬ್ಬಾಕಿಗೆ ಬೈದ್ರ ಇನ್ನೊಬ್ಬಾಕಿ ಅಳತಿದ್ಲು. ಕಡೀಕ ಸಣ್ಣ ಮಂಜುಳಾ, ದೊಡ್ಡ ಮಂಜುಳಾ ಅಂತ ಹೆಸರಿಟ್ಟೆ."

ಅದೇ ಆಗಿತ್ತು. ಬದಲಿಸಿದ ಕೂಡಲೇ ಮನುಷ್ಯರಿಗೆ ಮನುಷ್ಯರ ಬಣ್ಣ ಬಂತು, ಸದ್ದು ನಿಂತಿತು. ಟೀಚರ್ ಎರಡು ಚೀಟಿಗಳಲ್ಲಿ "ಸಣ್ಣ ಕೆಂಪು", "ದೊಡ್ಡ ಕೆಂಪು" ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು ವೈರಿಗೆ ಕಟ್ಟಿದರು. ದೊಡ್ಡದು ಚಿತ್ರದ್ದು, ಸಣ್ಣದು ಧ್ವನಿಯದು.

ಆಮೇಲೆ ನಾನೂ ಎಲ್ಲರ ಮನೆಯಲ್ಲಿ ಹಾಗೆಯೇ ಚೀಟಿ ಕಟ್ಟತೊಡಗಿದೆ. "ಎಂಥ ತಲೆ ನಿಮ್ಮದು!" ಎಂದು ಗಿರಾಕಿಗಳು ಹೊಗಳುತ್ತಿದ್ದರು. ಹೌದೆಂದು ನಾನು ಹೇಳಲಿಲ್ಲ, ಅಲ್ಲವೆಂದು ಹೇಳುವ ಧೈರ್ಯವೂ ಬರಲಿಲ್ಲ.

ಅಟೆನ್ಷನ್

ಸೆಟ್ ಟಾಪ್ ಬಾಕ್ಸ್ ಇಲ್ಲದೆ ಕೇಬಲ್ ಇಲ್ಲ ಎಂದಾದ ಮೇಲೆ ಬಂದ ಗಣರಾಜ್ಯೋತ್ಸವದ ಬೆಳಗ್ಗೆ, ಹೊಸ ಬಾಕ್ಸ್ ಜೋಡಿಸಲು ಟೀಚರ್ ಕರೆದರು. ಮಕ್ಕಳೆಲ್ಲ ದೆಹಲಿಯ ಪರೇಡ್ ನೋಡಲು ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ಹಳದಿ ವೈರು ಚುಚ್ಚಿದೆ, ಚಿತ್ರ ಬಂತು. ಕುದುರೆಗಳು, ಕತ್ತಿಗಳು, ಎಲ್ಲವೂ ಝಗಝಗ. ಮಗನ ಮುಖ ಸಪ್ಪೆಯಾಯಿತು.

ಅಷ್ಟರಲ್ಲಿ ರಾಷ್ಟ್ರಗೀತೆ ಶುರುವಾಯಿತು. ಟೀಚರ್ ಎದ್ದರು, ಹದಿನಾರು ಮಕ್ಕಳು ಎದ್ದರು, ನಾನೂ ಮಗನೂ ಎದ್ದೆವು. ಎದ್ದದ್ದೇ ತಡ, ಪರದೆ ಕಪ್ಪಾಯಿತು.

ಮಗನ ಕಣ್ಣು ಅರಳಿತು. ನನ್ನತ್ತ ನೋಡಿ ಹುಬ್ಬು ಕುಣಿಸಿದ. ಬಾಯಿ ತೆರೆಯುವ ಹಾಗಿಲ್ಲ, ಟೀಚರ್ ಮುಂದೆ ರಾಷ್ಟ್ರಗೀತೆಯ ನಡುವೆ ಮಾತಾಡಿದವನು ಅವನಲ್ಲ, ಅವನಪ್ಪನಾದರೂ ಉಳಿಯುತ್ತಿರಲಿಲ್ಲ. ನಾನು ಅಲುಗಾಡದೆ ನಿಂತು ಮನಸ್ಸಿನಲ್ಲೇ ಬಾಕ್ಸಿನ ಫ್ಯೂಸು, ಟ್ಯೂಬು, ಸಪ್ಲೈ ಎಲ್ಲ ತಪಾಸಣೆ ಮಾಡಿದೆ. ಐವತ್ತೆರಡು ಸೆಕೆಂಡು ಅಷ್ಟು ಉದ್ದ ಎಂದು ನನಗೆ ಗೊತ್ತೇ ಇರಲಿಲ್ಲ.

ಗೀತೆ ಮುಗಿಯಿತು. "ಗಯಾ! ಮಮ್ಮಿ, ಟಿವಿ ಗಯಾ!" ಎಂದು ಮಗ ಕುಣಿದ.

"ಎಲ್ಲಾರೂ ಕೂಡ್ರಿ" ಎಂದರು ಟೀಚರ್.

ಕೂತೆವು. ಚಿತ್ರ ಮೊದಲಿನಂತೆಯೇ ಝಗಝಗ ಎನ್ನುತ್ತಿತ್ತು. ಆ ಜಾತಿಯ ಪರದೆಯ ಗುಣವೇ ಅದು, ಕೂತವರ ಕಣ್ಣಿಗೆ ಮಾತ್ರ ಬೆಳಕು, ನಿಂತವರಿಗೆ ಕತ್ತಲೆ. ಕಸುಬಿನವನಾದ ನಾನೇ ಗಾಬರಿಯಲ್ಲಿ ಮರೆತಿದ್ದೆ. ವಾರವಾರವೂ ನೆಲದ ಮೇಲೆ ಮಕ್ಕಳ ಜೊತೆ ಕೂರುವ ಟೀಚರ್ ಮರೆತಿರಲಿಲ್ಲ.

ಮಗ ನಂಬದೆ ಎದ್ದ, ಕೂತ, ಎದ್ದ, ಕೂತ. "ಬಸ್ಕಿ ಸಾಕು, ಶರತ್ತು ನೀ ಸೋತೀ" ಎಂದರು ಅವ್ವ.

ಆಯುಧಪೂಜೆ

ಆಯುಧಪೂಜೆಯ ದಿನ ಟೀಚರ್ ಪುಸ್ತಕ, ಸೀಮೆಸುಣ್ಣ, ಟಿವಿ ಎಲ್ಲಕ್ಕೂ ಪೂಜೆ ಮಾಡಿಸುತ್ತಿದ್ದರು. ಆ ವರ್ಷ ಮಕ್ಕಳಿಗೆ ಹೇಳಿದರು, "ಪರದೆ ಮೆತ್ತಗ ಅದ, ಮುಂದ ಕೈ ಹಚ್ಚಬ್ಯಾಡ್ರಿ." ಮಕ್ಕಳು ವಿಧೇಯರು, ಮುಂದೆ ಕೈ ಹಚ್ಚಲಿಲ್ಲ. ಹಿಂದಿನ ಸಂದಿಗೆ ಸಣ್ಣ ಕೈ ತೂರಿಸಿ, ಎಂಟು ಸಾಕೆಟ್ಟುಗಳಲ್ಲಿದ್ದ ವೈರು ಕಿತ್ತು, ಒಂದೊಂದಕ್ಕೂ ನೀರಲ್ಲಿ ಕಲಸಿದ ಅರಿಶಿನ ಕುಂಕುಮ ಭಕ್ತಿಯಿಂದ ಮೆತ್ತಿದರು.

ಮರುದಿನವೇ ಮಗ ಪೆನ್ ಡ್ರೈವ್ ಹಾಕಿ ಸಿನಿಮಾ ನೋಡುವ ಒಂದು ಪೆಟ್ಟಿಗೆ ತಂದಿದ್ದ. ನಾನು ಹೋಗಿ ನೋಡಿದರೆ ಹಸಿರೂ ಇಲ್ಲ, ನೀಲಿಯೂ ಇಲ್ಲ, ಎಂಟೂ ಸಾಕೆಟ್ಟು ಕೇಸರಿ ಬಣ್ಣ. ಸ್ಪಿರಿಟ್ ಹಾಕಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. ಕುಂಕುಮದ ಜೊತೆ ಕಂಪೆನಿಯವರು ಬಳಿದ ಬಣ್ಣವೂ ಬಂತು. ಯಾವುದು ಯಾವುದೆಂದು ನನ್ನಜ್ಜನಿಗೂ ತಿಳಿಯದಂತಾಯಿತು.

ಟೀಚರ್ ಚೂರೂ ಗಾಬರಿಯಾಗಲಿಲ್ಲ. ಮಕ್ಕಳನ್ನು ಕರೆದು ಸಾಲಾಗಿ ನಿಲ್ಲಿಸಿ, "ಹೇಳ್ರಿ" ಎಂದರು. ಹದಿನಾರು ಗಂಟಲು ಒಟ್ಟಿಗೆ ಮಗ್ಗಿಯ ರಾಗದಲ್ಲಿ ಹೇಳಿದವು: "ಮೇಲಿನ ಸಾಲು! ಹಸಿರು, ನೀಲಿ, ದೊಡ್ಡ ಕೆಂಪು, ಬಿಳಿ, ಸಣ್ಣ ಕೆಂಪು! ಕೆಳಗಿನ ಸಾಲು! ಹಳದಿ, ಬಿಳಿ, ಕೆಂಪು!"

ಬಣ್ಣಗಳ ಹೆಸರು ಕಲಿಸಲು ಟೀಚರ್ ಆರಿಸಿಕೊಂಡ ಪಾಠ ಅದಾಗಿತ್ತು. ಮಕ್ಕಳು ಹೇಳುತ್ತಾ ಹೋದರು, ನಾನು ಚುಚ್ಚುತ್ತಾ ಹೋದೆ, ಚಿತ್ರ ಬಂತು. ಚಿತ್ರಕ್ಕಿಂತ ನನಗೆ ಬೆರಗಾದದ್ದು, ಆ ಮಕ್ಕಳ ಬಾಯಲ್ಲಿ ಒಂದೂ ಹಿಂದಿ ಶಬ್ದ ಇಲ್ಲದ ಕನ್ನಡ ನಾನು ಕೇಳಿದ್ದು ಅದೇ ಮೊದಲು. ಕಣ್ಣು ತೇವವಾಯಿತು. ಸ್ಪಿರಿಟ್ಟಿನಿಂದ ಎಂದು ಹೇಳಿದೆ.

ಅವರಲ್ಲೊಬ್ಬ ಹುಡುಗಿ ಕಲ್ಯಾಣದ ಅಜ್ಜಿ ಮನೆಗೆ ಹೋದಾಗ, ಅಜ್ಜಿ "ಕನ್ನಡದಾಗ ಒಂದು ದೇವರ ಹಾಡು ಹೇಳವಾ" ಎಂದರಂತೆ. ಇವಳು ಕಣ್ಣು ಮುಚ್ಚಿ, ಕೈ ಮುಗಿದು, ಸಾಕೆಟ್ಟಿನ ಎರಡೂ ಸಾಲು ರಾಗವಾಗಿ ಹೇಳಿದಳು. ಕಿವಿ ಮಂದವಿದ್ದ ಅಜ್ಜಿ ಕೊನೆಯವರೆಗೂ ಕೈ ಮುಗಿದುಕೊಂಡೇ ಕೇಳಿ, ಅವಳಿಗೆ ಕೊಬ್ಬರಿ ಸಕ್ಕರೆ ಪ್ರಸಾದ ಕೊಟ್ಟರಂತೆ.

ಎರಡು ಬೆರಳು

ಕೊನೆಗೆ ಬಂದದ್ದು ಬೆರಳುದ್ದದ ಒಂದು ಸ್ಟಿಕ್. ಟಿವಿಯ ಎಚ್‌ಡಿಎಂಐ ತೂತಿಗೆ ಚುಚ್ಚಿದರೆ ಇಂಟರ್ನೆಟ್ಟೆಲ್ಲ ಪರದೆಗೆ ಬರುತ್ತದೆ. ನಮ್ಮ ಮುದುಕ ಟಿವಿಗೆ ಆ ತೂತೇ ಇಲ್ಲ. ಮಗ ಅಷ್ಟರಲ್ಲಿ ನವಿ ಮುಂಬೈಯಲ್ಲಿ ಕೆಲಸಕ್ಕೆ ಸೇರಿದ್ದ. ದಿನಾ ಲೋಕಲ್‌ನಲ್ಲಿ ನಿಂತು ಬಂದು, ರಾತ್ರಿ ಟಿವಿಯ ಪಕ್ಕ ಮುದುರಿ ಮಲಗುತ್ತಿದ್ದ. "ಅಂಕಲ್, ಭಾನುವಾರ ಸಂಜೆವರೆಗೆ ಟೈಮ್. ಶರ್ತ್ ಮತ್ಲಬ್ ಶರ್ತ್" ಎಂದ.

ಎಚ್‌ಡಿಎಂಐಯನ್ನು ಹಳೆಯ ಮೂರು ವೈರಿಗೆ ಬದಲಿಸುವ ಸಣ್ಣ ಪೆಟ್ಟಿಗೆ ಸಿಗುತ್ತದೆ. ತಂದು ಜೋಡಿಸಿದೆ, ಚಿತ್ರ ಬರಲಿಲ್ಲ. ತಾಸುಗಟ್ಟಲೆ ತಿಣುಕಿದ ಮೇಲೆ ಪೆಟ್ಟಿಗೆಯ ಮೇಲಿನ ಬಾಣದ ಗುರುತು ನೋಡಿದೆ. ಹಳೆಯದನ್ನು ಹೊಸದಕ್ಕೆ ಬದಲಿಸುವ ಪೆಟ್ಟಿಗೆಯದು. ನಮಗೆ ಬೇಕಾದದ್ದು ಅದರ ಉಲ್ಟಾ. ನೋಡಲು ಎರಡೂ ಅವಳಿ ಜವಳಿ. ಭಾನುವಾರ, ಅಂಗಡಿಗಳು ಮುಚ್ಚಿದ್ದವು. ಮಕ್ಕಳು ಚಾಪೆಯ ಮೇಲೆ ಕೂತು ಕಾಯುತ್ತಿದ್ದರು. ಟೀಚರ್ ಹತ್ತಾರು ವರ್ಷ ಕಾಪಾಡಿಕೊಂಡು ಬಂದ ತರಗತಿ ನನ್ನ ಕೈಯಲ್ಲೇ ಮುಳುಗಿತಲ್ಲ ಎಂದು ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಆಗ್ಲಿಕ್ಕಿಲ್ಲ ಟೀಚರ್. ತಪ್ಪು ನಂದು" ಎಂದೆ.

"ಇರಲಿ ಬಿಡು. ಮಾತು ಅಂದ್ರ ಮಾತು. ಒಯ್ಯಲಿ" ಎಂದರು ಟೀಚರ್, ಬಹಳ ಶಾಂತವಾಗಿ.

ಮಗ ನಾಲ್ವರು ಹಮಾಲರನ್ನು ಕರೆತಂದ. ಕಲಬುರಗಿ ಕಡೆಯವರು. ಇಬ್ಬರು ಒಳಗಿನಿಂದ ತಳ್ಳಿದರು. ಮಗನೂ ಇನ್ನಿಬ್ಬರೂ ಹೊರಗಿನಿಂದ ಎಳೆದರು. ಟಿವಿ ಬಾಗಿಲಿಗೆ ಬಂತು, ಅರ್ಧ ದಾಟಿತು, ಕಚ್ಚಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನಮ್ಮ ಕಡೆ ಪ್ರತಿ ಫ್ಲ್ಯಾಟಿಗೂ ಬಾಗಿಲ ಹೊರಗೆ ಕಬ್ಬಿಣದ ಜಾಲರಿಯ ಇನ್ನೊಂದು ಸೇಫ್ಟಿ ಡೋರ್ ಇರುತ್ತದಲ್ಲ, ಅದರ ಚೌಕಟ್ಟು ಅಡ್ಡ ಬಂದಿತ್ತು. ಹೆಚ್ಚಿಲ್ಲ, ಎರಡೇ ಬೆರಳು.

"ಅಕ್ಕೋರ, ಇದು ಹೋಗಂಗಿಲ್ರೀ" ಎಂದ ಒಳಗಿದ್ದ ಹಮಾಲ.

"ಹಂಗಾರ ಕೂಡು. ಚಾ ಕುಡಿ" ಎಂದರು ಟೀಚರ್. ಕರಿಹಲಗೆ ತೆಗೆದು ಪಾಠವನ್ನೇ ಶುರು ಮಾಡಿದರು. ಹಮಾಲರಲ್ಲೊಬ್ಬ ಕಾಗುಣಿತವನ್ನು ಗಡಗಡ ಓದಿದ, ಮಕ್ಕಳು ಚಪ್ಪಾಳೆ ತಟ್ಟಿದರು. ಮನೆಯ ಮಗ ಮಾತ್ರ ಹೊರಗೆ ಮೆಟ್ಟಿಲ ಮೇಲೆ.

ಟಿವಿಯ ಪಕ್ಕದ ಸಂದಿನಿಂದ ಅವನ ಒಂದು ಕಣ್ಣು ಕಾಣಿಸಿತು. "ಅಂಕಲ್, ಬಿಚ್ಚಿ ಎರಡು ತುಂಡು ಮಾಡಿ ತೆಗೆಯಿರಿ ನಾ!"

ಅದು ಸುಲಭದ ಕೆಲಸ. ಕನ್ನಡಿ ಒರೆಸಲು ಮೂರು ಸಲ ಅವನೆದುರೇ ಬಿಚ್ಚಿದ್ದೆ. "ಈ ಮಾಡೆಲ್ ಬಿಚ್ಚಲಿಕ್ಕೇ ಬರುದಿಲ್ಲ ಮಾರಾಯ" ಎಂದೆ. ಕಸುಬಿನಲ್ಲಿ ನಾನು ಹೇಳಿದ ಅಷ್ಟು ದೊಡ್ಡ ಸುಳ್ಳು ಇನ್ನೊಂದಿಲ್ಲ. ಇವತ್ತಿಗೂ ಅದಕ್ಕೆ ಪಶ್ಚಾತ್ತಾಪವಿಲ್ಲ.

"ಹಾಗಾದ್ರೆ ಫ್ರೇಮ್ ಕಟ್ ಮಾಡಿಸ್ತೇನೆ!"

"ಮಾಡಸಪಾ" ಎಂದರು ಟೀಚರ್. "ಡಿಸೈನ್ ನೀನ ಆರಿಸಿದ್ದಿ. ಎಷ್ಟ್ ಛಂದ ಅದ ಅಂತ ಇಡೀ ಬಿಲ್ಡಿಂಗಿಗೆ ತೋರಿಸಿದ್ದಿ."

ಮೆಟ್ಟಿಲ ಮೇಲಿಂದ ಮಗನ ನಗು ಕೇಳಿಸಿತು, ಹೊಟ್ಟೆ ಹಿಡಿದುಕೊಂಡು ನಗುವ ನಗು. ಮಕ್ಕಳನ್ನು ಕರೆಯಲು ಬಂದ ಅಪ್ಪಂದಿರೆಲ್ಲ ಕೈ ಜೋಡಿಸಿ ತಳ್ಳಿದ ಮೇಲೆ ಟಿವಿ ವಾಪಸು ಒಳಗೆ ಬಂತು. ಅದರ ಜೊತೆ ಮಗನೂ ಬಂದ. ಮಂಚವನ್ನು ಅಡಿಗೆಮನೆಯಲ್ಲಿ ಹೇಗಾದರೂ ಹಾಕೋಣ ಎಂದು ಅವನೇ ಅಳತೆ ತೆಗೆಯತೊಡಗಿದ.

ಮುಂದಿನ ಭಾನುವಾರ ಸರಿಯಾದ ಪೆಟ್ಟಿಗೆ ತಂದು ಜೋಡಿಸಿದೆ. ಚಿತ್ರ ಬಂತು. ಮಗ ಮಕ್ಕಳ ನಡುವೆ ಚಾಪೆಯ ಮೇಲೆ ಕೂತು ಸ್ಟಿಕ್ಕಿನ ರಿಮೋಟ್ ಒತ್ತಿ ಅಕ್ಷರ ತೋರಿಸುತ್ತಿದ್ದ. ನನಗೆ ಮಾತ್ರ ಒಂದು ಲೆಕ್ಕ ಬಿಡಿಸಲಾಗಿರಲಿಲ್ಲ. ಹೊರಡುವಾಗ ಟೀಚರ್ ಬಾಗಿಲವರೆಗೆ ಬಂದರು. ಆ ಕಬ್ಬಿಣದ ಚೌಕಟ್ಟು ಮುಟ್ಟಿ, ದನಿ ತಗ್ಗಿಸಿ ಕೇಳಿದೆ, "ಟೀಚರ್, ಇದನ್ನು ಯಾವಾಗ ಹಾಕಿಸಿದ್ದು?"

"ಶರತ್ತು ಹಾಕಿದ ಮರುವಾರ."

"ಕಳ್ಳರ ಹೆದರಿಕೆಗಾ?"

ಟೀಚರ್ ಒಳಗೆ ಮಗನಿಗೆ ಕೇಳಿಸದಂತೆ ಬಾಗಿಲು ಸ್ವಲ್ಪ ಎಳೆದುಕೊಂಡರು. "ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತಗದಾಕಿ ನಾನು. ಉತ್ತರ ಬರದಿಟ್ಕೊಳ್ಳದ ಪ್ರಶ್ನೆ ಕೇಳತೇನೇನೋ ತಮ್ಮಾ?"