ದರ್ಜಿಯ ಕಾಲಿಗೆ ಸಿಗದ ಬಡ್ತಿ

ನಮ್ಮ ಖಾಸಗಿ ಶುಶ್ರೂಷಾ ಕೇಂದ್ರದಲ್ಲಿ ಅರ್ಹತೆಗೆ ಸದಾ ಬೆಲೆಯಿದೆ ಎಂಬುದನ್ನು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಚೆನ್ನಾಗಿ ಕೆಲಸ ಮಾಡಿದವರಿಗೆ ಇಲ್ಲಿ ಬಡ್ತಿ ಖಂಡಿತ. ಬಡ್ತಿ ಸಿಕ್ಕವರು ಆಡಳಿತ ಕೋಣೆಯಲ್ಲಿ ಕೂರಬೇಕು. ಕೂತ ಮೇಲೆ ರೋಗಿಯನ್ನು ಮುಟ್ಟುವಂತಿಲ್ಲ. ಆಡಳಿತದ ಘನತೆ ಅಂತ ಒಂದಿದೆಯಲ್ಲ!

ಹೀಗಾಗಿ ನಮ್ಮ ದಾದಿಯರೆಲ್ಲ ಒಬ್ಬೊಬ್ಬರಾಗಿ ಒಳಗೆ ಬಂದರು. ಚುಚ್ಚಿದ್ದೇ ಗೊತ್ತಾಗದಂತೆ ಸೂಜಿ ಚುಚ್ಚುತ್ತಿದ್ದ ದೊಡ್ಡಕ್ಕ ಈಗ ಸೂಜಿ ವಿಭಾಗದ ಮುಖ್ಯಸ್ಥೆ. ಜ್ವರ ನೋಡುತ್ತಿದ್ದ ಚಿಕ್ಕಕ್ಕ ತಾಪಮಾನ ನಿರ್ದೇಶಕಿ. ನಾನು ಮಾತ್ರ ನೇರವಾಗಿ ವ್ಯವಸ್ಥಾಪಕನಾದೆ. ಕೇಂದ್ರದ ಒಡತಿ ನನ್ನ ಅತ್ತೆ ಎಂಬುದು ಕಾಕತಾಳೀಯ.

ಆಗ ಬಂದವರು ಎದುರು ಬೀದಿಯ ದರ್ಜಿ. ಮೊಣಕಾಲ ಕೆಳಗೆ ಗಾಯ. ದಿನಾ ತೊಳೆದು ಬ್ಯಾಂಡೇಜು ಬದಲಾಯಿಸದಿದ್ದರೆ ಕಾಲೇ ಹೋದೀತು ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ಕಾಲು ಹೋದರೆ ಹೊಲಿಗೆ ಯಂತ್ರ ತುಳಿಯುವವರು ಯಾರು? ಪಾಪ, ಮುಖ ಬಾಡಿತ್ತು.

“ಸ್ವಾಮಿ, ಇದನ್ನ ಬಿಚ್ಚಿ ಬೇರೆ ಕಟ್ಟೋರು ಯಾರಾದ್ರೂ ಇದ್ದಾರಾ?”

“ಕಟ್ಟಿಸೋರು ಬೇಕಾದಷ್ಟು ಜನ ಇದ್ದಾರೆ,” ಎಂದೆ. “ಕಟ್ಟೋರು ಮಾತ್ರ ಸದ್ಯಕ್ಕಿಲ್ಲ.”

ಅವರು ನಿಟ್ಟುಸಿರು ಬಿಟ್ಟು, ಮೇಜಿನ ಮೇಲಿದ್ದ ಔಷಧಿಯಿಂದ ತಾವೇ ಗಾಯ ತೊಳೆದು ಬ್ಯಾಂಡೇಜು ಕಟ್ಟಿಕೊಂಡರು. ಅಬ್ಬಾ, ಅದೇನು ಕೈಚಳಕ! ಇಸ್ತ್ರಿ ಮಾಡಿದ ಕಾಲರಿನಂತೆ ಕೂತಿತ್ತು. ಆಡಳಿತ ಕೋಣೆಯ ಗಾಜಿನ ಬಾಗಿಲಾಚೆಯಿಂದ ದೊಡ್ಡಕ್ಕ ಚಪ್ಪಾಳೆ ತಟ್ಟಿದರು. ದರ್ಜಿಯನ್ನು ಅಲ್ಲೇ, ನಿಂತ ನಿಲುವಿನಲ್ಲೇ, ದಾದಿಯಾಗಿ ನೇಮಿಸಿದೆವು. ದಿನಾ ಬಂದು ತಮ್ಮ ಕಾಲಿಗೂ, ಸಾಲಿನಲ್ಲಿ ಕಾದು ಸುಸ್ತಾದವರ ಕೈಕಾಲಿಗೂ ಬ್ಯಾಂಡೇಜು ಕಟ್ಟಿದರು. ಗಾಯ ಮಾಯತೊಡಗಿತು. ದರ್ಜಿ ನಗುವುದನ್ನು ನೋಡಿ ನನಗೂ ಹೊಟ್ಟೆ ತಣ್ಣಗಾಯಿತು.

ಇಷ್ಟು ಒಳ್ಳೆಯ ಕೆಲಸವನ್ನು ಆಡಳಿತ ಕಂಡೂ ಕಾಣದಂತೆ ಇರಲಾದೀತೆ? ಅವರನ್ನು ಬ್ಯಾಂಡೇಜು ವಿಭಾಗದ ಮೇಲ್ವಿಚಾರಕರನ್ನಾಗಿ ಮಾಡಲಾಯಿತು. ಒಳಗೆ ಕರೆದು ತಿರುಗುವ ಕುರ್ಚಿ ಕೊಟ್ಟೆವು. ಕೂತವರೇ ಅಭ್ಯಾಸಬಲದಿಂದ ಪ್ಯಾಂಟು ಮಡಚಿ ಕಾಲಿಗೆ ಕೈ ಹಾಕಿದರು.

“ಅಯ್ಯಯ್ಯೋ, ಮುಟ್ಟಬೇಡಿ!” ದೊಡ್ಡಕ್ಕ ಕೂಗಿದರು. “ಅದು ರೋಗಿ ಕಾಲು!”

“ನನ್ನ ಕಾಲೇ ಅಲ್ವೇನಮ್ಮಾ?”

“ಇರಬಹುದು. ಆದ್ರೆ ಬಡ್ತಿ ಸಿಕ್ಕಿರೋದು ನಿಮಗೆ. ಕಾಲು ಇನ್ನೂ ರೋಗೀನೇ.”

ದರ್ಜಿ ಕುರ್ಚಿಯ ಕೈಗಳನ್ನು ಸವರಿ ನೋಡಿದರು. ಕುರ್ಚಿ ಮೆತ್ತಗಿತ್ತು. ಕೊನೆಗೆ ಗಂಟಲು ಸರಿಮಾಡಿಕೊಂಡು ನನ್ನತ್ತ ತಿರುಗಿದರು.

“ಏನ್ರೀ ಮ್ಯಾನೇಜರೇ, ಈ ಕಾಲನ್ನ ಒಳಗೆ ಬಿಟ್ಟವರು ಯಾರು? ಹೊರಗೆ ಸಾಲಲ್ಲಿ ಕಾಯೋಕೆ ಹೇಳಿ.”

ಕುರ್ಚಿಯನ್ನು ಹೊಸ್ತಿಲವರೆಗೆ ತಳ್ಳಿ, ಬಾಗಿಲು ಸ್ವಲ್ಪವೇ ತೆರೆದು, ಕಾಲನ್ನು ಆಚೆ ಚಾಚಿಸಿದೆ. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಅದಕ್ಕೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು ಕೂತರು.